ಪಂಪಿನ ಬುಡದಲ್ಲೇ ಪಾಷಾಣ ಪರೀಕ್ಷೆ



ಆರ್ಸೆನಿಕ್, ಅಂದರೆ ನಮ್ಮ ಹಿರಿಯರು ಹೇಳುತ್ತಿದ್ದ ಪಾಷಾಣ, ನೀರಿನಲ್ಲಿ ಬೆರೆತರೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ. ಅದನ್ನು ಕಣ್ಣಿಗೆ ಕಾಣಿಸುವ ಪ್ರಯತ್ನಕ್ಕೆ ಇಂಗ್ಲೆಂಡಿನ ಒಂದು ಕೊಲೆ ಮೊಕದ್ದಮೆ ಕಾರಣವಾಯಿತು. ಅಜ್ಜನ ಕಾಫಿಗೆ ವಿಷ ಹಾಕಿದನೆಂದು 1833ರಲ್ಲಿ ಜಾನ್ ಬೋಡ್ಲ್ ಎಂಬಾತನ ಮೇಲೆ ಆರೋಪ. ರಸಾಯನಜ್ಞ ಜೇಮ್ಸ್ ಮಾರ್ಷ್ ವಿಷವನ್ನು ಪತ್ತೆಹಚ್ಚಿದ್ದರು, ಆದರೆ ಸಾಕ್ಷಿಯಾಗಬೇಕಿದ್ದ ಹಳದಿ ಗಸಿ ವಿಚಾರಣೆಯ ಹೊತ್ತಿಗೆ ಕೆಟ್ಟುಹೋಗಿತ್ತು. ಆರೋಪಿ ಬಿಡುಗಡೆಯಾದ. ಮಾರ್ಷ್ ಪಟ್ಟುಹಿಡಿದು ಕೂತರು. ಸತು ಮತ್ತು ಆಮ್ಲದಿಂದ ಆರ್ಸೆನಿಕ್ಕನ್ನು ಅನಿಲವಾಗಿಸಿ, ಅದನ್ನು ಉರಿಸಿ, ತಣ್ಣನೆಯ ಪಿಂಗಾಣಿಯ ಮೇಲೆ ಕಪ್ಪು ಕಲೆ ಮೂಡಿಸುವ ವಿಧಾನವನ್ನು 1836ರಲ್ಲಿ ಪ್ರಕಟಿಸಿದರು. 1879ರಲ್ಲಿ ಜರ್ಮನಿಯ ಗುಟ್‌ಜೈಟ್ ಉರಿಯನ್ನೇ ಕೈಬಿಟ್ಟು, ಅನಿಲ ತಾಗಿದರೆ ಬಣ್ಣ ತಿರುಗುವ ಕಾಗದ ತಂದರು. ಪರೀಕ್ಷೆ ಚೀಲದಲ್ಲಿ ಹಿಡಿಯುವಷ್ಟಾಯಿತು.

ಆ ಚೀಲದ ಬೆಲೆ ತಿಳಿದದ್ದು ಬಾಂಗ್ಲಾದೇಶದಲ್ಲಿ. ಕೆರೆಕುಂಟೆಗಳ ನೀರು ಕುಡಿದು ಮಕ್ಕಳು ವಾಂತಿಭೇದಿಯಿಂದ ಸಾಯುತ್ತಿದ್ದರೆಂದು 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ಊರೂರಿಗೆ ಕೈಪಂಪು ಹಾಕಿಸಿದರು. ಪುಣ್ಯದ ಕೆಲಸವೇ. ಆರ್ಸೆನಿಕ್ಕಿಗಾಗಿ ಮಾತ್ರ ನೀರನ್ನು ಪರೀಕ್ಷಿಸಲಿಲ್ಲ. ಗಡಿಯ ಈಚೆ, ಪಶ್ಚಿಮ ಬಂಗಾಳದಲ್ಲಿ, ಚರ್ಮವೈದ್ಯ ಕೆ.ಸಿ. ಸಹಾ 1980ರ ದಶಕದ ಆರಂಭದಲ್ಲೇ ರೋಗಿಗಳ ಮೈಮೇಲಿನ ಕಲೆಗಳಿಂದ ವಿಷವನ್ನು ಗುರುತಿಸಿದ್ದರು. ಬಾಂಗ್ಲಾದೇಶದಲ್ಲಿ ಅದು ಬಯಲಾದದ್ದು 1993ರಲ್ಲಿ. 2000ದಿಂದ 2003ರೊಳಗೆ ಸುಮಾರು 50 ಲಕ್ಷ ಕೊಳವೆಬಾವಿಗಳನ್ನು ಕಿಟ್‌ಗಳಿಂದ ಪರೀಕ್ಷಿಸಿದರು. ಲೀಟರಿಗೆ 50 ಮೈಕ್ರೋಗ್ರಾಂ ದಾಟಿದರೆ ಪಂಪಿಗೆ ಕೆಂಪು ಬಣ್ಣ, ಇಲ್ಲದಿದ್ದರೆ ಹಸಿರು. ಸುಮಾರು 14 ಲಕ್ಷ ಪಂಪುಗಳು ಕೆಂಪಾದವು. ಓದು ಬಾರದ ತಾಯಿಗೂ ಅರ್ಥವಾಗುವ ಇಂಥ ವರದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಕಾಗದದ ಹಳದಿ ಎಷ್ಟು ಗಾಢ ಎಂದು ತೀರ್ಮಾನಿಸುತ್ತಿದ್ದದ್ದು ಬಿಸಿಲಲ್ಲಿ ದಣಿದ ಕಣ್ಣು. ಮಿತಿಯ ಆಸುಪಾಸಿನ ಎಷ್ಟೋ ಬಾವಿಗಳಿಗೆ ತಪ್ಪು ಬಣ್ಣ ಬಿತ್ತು. ಹಾಗಾಗಿ ಆ ಕಲೆಯ ಮೇಲೆ ಬೆಳಕು ಬಿಟ್ಟು ಅಂಕಿಯನ್ನೇ ತೋರಿಸುವ ಪುಟ್ಟ ಯಂತ್ರಗಳು ಬಂದವು. ನೀರಿನ ಲೋಹವನ್ನು ವಿದ್ಯುದ್ವಾರಕ್ಕೆ ಅಂಟಿಸಿ, ಬಿಡಿಸುವಾಗ ಹರಿಯುವ ವಿದ್ಯುತ್ತನ್ನು ಅಳೆಯುವ ಉಪಕರಣಗಳೂ ಬಂದವು.  

ನಮ್ಮ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲೂ ಅಂತರ್ಜಲದಲ್ಲಿ ಆರ್ಸೆನಿಕ್, ಜನರಲ್ಲಿ ಚರ್ಮರೋಗ ಕಂಡಿವೆ. ಹತ್ತಿರದಲ್ಲೇ ಹಳೆಯ ಚಿನ್ನದ ಗಣಿ, ಮತ್ತು ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಖನಿಜ ಇರುವುದು ಸಾಮಾನ್ಯ. ಬಾಂಗ್ಲಾದೇಶದಲ್ಲಿ ಪಂಪಿಗೆ ಬಣ್ಣ ಬಳಿಯಲು ಇಟ್ಟ ಮಿತಿ 50 ಆದರೂ, ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಕ್ಕಪಕ್ಕದ ಎರಡು ಬೋರ್‌ವೆಲ್‌ಗಳ ನೀರೇ ಬೇರೆಬೇರೆ ಇರಬಹುದಾದ್ದರಿಂದ, ಆ ಭಾಗದಲ್ಲಿ ಒಂದೊಂದು ಬೋರಿನ ನೀರನ್ನೂ ಕೊಡಕ್ಕೆ ತುಂಬುವ ಮೊದಲೇ ಪರೀಕ್ಷಿಸಬೇಕು.