ಕೊಡುವ ಕೈಗೆ ಕಣ್ಣಿರಲಿ

ಉಡುಗೊರೆ ಎಂಬ ಮಾತಿನ ಮೊದಲಿಗೇ ‘ಉಡು’ ಇದೆ. ನಮ್ಮಲ್ಲಿ ಕೊಡುಗೆಯೆಂದರೆ ಮೊದಲು ನೆನಪಾಗುವುದು ಬಟ್ಟೆಯೇ. ಭೀಮಾ ತೀರದ ಮಣ್ಣೂರಿನ ಕಡೆ ತವರಿಗೆ ಬಂದ ಮಗಳನ್ನು ಬರಿ ಉಡಿಯಲ್ಲಿ ಕಳಿಸುವುದಿಲ್ಲ. ಮಣೆಯ ಮೇಲೆ ಕೂಡಿಸಿ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಅಡಿಕೆ, ಉತ್ತತ್ತಿಗಳಿಂದ ಉಡಿ ತುಂಬುತ್ತಾರೆ. ಈ ಕೊಡುಗೆಗೆ ಬೇರೆ ಹೊದಿಕೆ ಬೇಕಿಲ್ಲ. ಸೀರೆಯ ಸೆರಗೇ ಅದರ ಚೀಲ.

ಆದರೆ ಉಡಿಗೆ ಬಿದ್ದ ಖಣಗಳಲ್ಲಿ ಕುಪ್ಪಸವಾಗುವವು ಎಷ್ಟು? ಒಂದು ಮದುವೆಯಲ್ಲಿ ಬಂದದ್ದು ಮಡಿಕೆ ಬಿಚ್ಚದೆಯೇ ಮತ್ತೊಂದು ಮದುವೆಗೆ ಹೊರಡುವುದನ್ನು ನೀವೂ ಬಲ್ಲಿರಿ. ಅಂಥ ಐದು ಖಣಗಳಿಗಿಂತ, ಅವಳ ಸೀರೆಯ ಬಣ್ಣವನ್ನು ಮನಸ್ಸಿನಲ್ಲಿಟ್ಟುಕೊಂಡು ತಂದ ಗುಳೇದಗುಡ್ಡದ ಮಗ್ಗದ ಒಂದೇ ಖಣ ಲೇಸು. ಹಲ್ಲಿಲ್ಲದ ಅಜ್ಜಿಗೆ ಗಟ್ಟಿ ಶೇಂಗಾ ಉಂಡಿ ಬೇಡ. ಮೆತ್ತನೆಯ ರವೆ ಉಂಡಿ ಕಟ್ಟಿರಿ. ಊರು ಬಿಟ್ಟು ಓದಲು ಹೊರಟ ಹುಡುಗನಿಗೆ ಪುಸ್ತಕ ಕೊಡುವಿರಾ? ಬಣ್ಣದ ಕಾಗದವನ್ನು ಅವನು ಹರಿದು ಬಿಸಾಡುತ್ತಾನೆ. ಹೊಸ ಟವೆಲಿನಲ್ಲಿ ಸುತ್ತಿ ಕೊಡಿರಿ. ಹೊದಿಕೆಯೂ ಅವನ ಉಪಯೋಗಕ್ಕೆ ಬಂದೀತು. ಒಳಗೆ ನಿಮ್ಮ ಕೈಬರಹದ ಎರಡು ಸಾಲು ಇರಲಿ.

ಇನ್ನೊಂದು ಮಾತು. ಉಡಿ ತುಂಬಲು ಮುತ್ತೈದೆಯರನ್ನು ಮಾತ್ರ ಕರೆಯುವುದು ರೂಢಿ. ಗಂಡನನ್ನು ಕಳೆದುಕೊಂಡ ಅಕ್ಕ ಒಲೆಯ ಮುಂದೆಯೇ ಉಳಿಯುತ್ತಾಳೆ. ಅಂದಿನ ಅಡಿಗೆಯೆಲ್ಲ ಅವಳದೇ, ಉಂಡಿ ಕಟ್ಟಿದ ಕೈಯೂ ಅವಳದೇ. ಅವಳನ್ನೂ ಹೊರಗೆ ಕರೆಯಿರಿ, ಅದೇ ಮಣೆಯ ಮೇಲೆ ಕೂಡಿಸಿರಿ, ಅವಳಿಗೆ ಒಪ್ಪುವ ಖಣವನ್ನೇ ಹಾಕಿರಿ. ಯಾರಿಗೆಂದು ನೋಡಿ ಕೊಡುವುದೇ ಉಡುಗೊರೆಯಾದರೆ, ನಾವು ಮೊದಲು ನೋಡಬೇಕಾದವಳು ಅವಳು.