‘ತಡ್ಕೋ’ ಮತ್ತು ‘ತೆಗೆಸ್ಕೋ’ ನಡುವೆ



ಇವತ್ತು ರಾಜಕೀಯ ಇಲ್ಲ. ಯಾರು ಯಾರಿಗೆ ಏನಂದ್ರು, ಯಾರು ಯಾವ ಪಕ್ಷಕ್ಕೆ ಹಾರಿದ್ರು ಅನ್ನೋದನ್ನ ನಾಳೆ ನೋಡೋಣ. ಇವತ್ತು ಹೊಟ್ಟೆನೋವಿನ ಬಗ್ಗೆ ಮಾತಾಡಬೇಕು. ಮುಟ್ಟಿನ ಹೊಟ್ಟೆನೋವು. ಗಂಡಸರು ದಯವಿಟ್ಟು ರಿಮೋಟ್ ಎತ್ಕೋಬೇಡಿ. ಈ ಕಥೆಯಲ್ಲಿ ಆಪರೇಷನ್ ಫಾರಂ ಮೇಲೆ ಮೊದಲು ಸಹಿ ಹಾಕಿದ್ದು ಒಬ್ಬ ಗಂಡಸು.

ಕಳೆದ ತಿಂಗಳು ಒಂದು ಗುರುವಾರ ರಾತ್ರಿ ಬುಲೆಟಿನ್ ಮುಗಿಸಿ ಏಳ್ತಾ ಇದ್ದೆ. ಕೊಪ್ಪಳದ ನಮ್ಮ ವರದಿಗಾರರ ಫೋನು ಬಂತು. ‘ಮೇಡಂ, ಒಬ್ರು ನಿಮ್ಮ ಹತ್ರನೇ ಮಾತಾಡಬೇಕಂತ ಹಟ ಹಿಡಿದಾರ’ ಅಂದ್ರು. ಆ ಕಡೆಯಿಂದ ಸಣ್ಣ ದನಿ: ‘ಅಕ್ಕಾರ, ಸೋಮವಾರ ನನ್ನ ಗರ್ಭಚೀಲ ತೆಗಿತಾರಂತ್ರಿ. ತೆಗಿಸ್ಲೋ ಬ್ಯಾಡೋ, ನೀವ ಹೇಳ್ರಿ.’

ಆಕೆಗೆ 28 ವರ್ಷ. ಇಬ್ಬರು ಮಕ್ಕಳು. ಊರು ಯಲಬುರ್ಗಾ ಕಡೆ, ಮಳೆ ನಂಬಿದ ಹೊಲ. ನಾಟಿ ಹಂಗಾಮು ಬಂದ್ರೆ ಊರಿನ ಹೆಣ್ಮಕ್ಕಳ ಜೊತೆ ಗಂಗಾವತಿ, ಕಾರಟಗಿ ಕಡೆ ಹೋಗ್ತಾಳೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಅಲ್ಲಿನ ಗದ್ದೆಗಳಲ್ಲಿ ಎಕರೆಗೆ ಇಷ್ಟು ಅಂತ ಗುತ್ತಿಗೆ. ಬೆಳಗಿನಿಂದ ಸಂಜೆವರೆಗೂ ಕೆಸರಿನಲ್ಲಿ ಸೊಂಟ ಬಗ್ಗಿಸಿ ಸಸಿ ಹಚ್ಚಬೇಕು. ಒಬ್ಬಳು ಹೊಟ್ಟೆ ಹಿಡ್ಕೊಂಡು ಬದುವಿನ ಮೇಲೆ ಕೂತ್ರೆ ಆಕೆ ಪಾಲಿನದನ್ನ ಉಳಿದವರು ಹಚ್ಚಬೇಕು. ಹಾಗಾಗಿ ಆಕೆ ಕೂರಲ್ಲ. ಸೆರಗಿನ ಗಂಟಿನಲ್ಲಿ ಗುಳಿಗೆ ಇಟ್ಕೊಂಡು ಗದ್ದೆಗೆ ಇಳೀತಾಳೆ.

ಮೊದಲ ಮುಟ್ಟಿನಿಂದಲೇ ಆಕೆಗೆ ನೋವು. ಅವ್ವ ಹೇಳಿದ್ದು, ‘ತಡ್ಕೋ, ಎಲ್ಲಾ ಹೆಣ್ಮಕ್ಕಳಿಗೂ ಇರತೈತಿ.’ ತಿಂಗಳಿಗೆ ಮೂರು ದಿನ ಶಾಲೆ ತಪ್ಪಿತು. ಹತ್ತನೇ ಕ್ಲಾಸಿಗೆ ಓದೇ ನಿಂತಿತು. ‘ಮದುವಿ ಆದ್ರ ಹೋಗತೈತಿ’ ಅಂದ್ರು. ಮದುವೆ ಆಯ್ತು, ನೋವು ಹೋಗಲಿಲ್ಲ. ‘ಕೂಸಾದ್ರ ಹೋಗತೈತಿ’ ಅಂದ್ರು. ಎರಡು ಕೂಸಾದವು. ಮೂರು ದಿನದ ನೋವು ಹತ್ತು ದಿನಕ್ಕೆ ಬಂತು. ಸಂಡಾಸಿಗೆ ಕೂತ್ರೆ ನೋವು, ಗಂಡನ ಜೊತೆ ಮಲಗಿದ್ರೆ ನೋವು. ಇದನ್ನ ಯಾರ ಮುಂದೆ ಹೇಳೋದು? ಒಂದು ಕಡೆ ಸ್ಕ್ಯಾನ್ ಮಾಡಿಸಿದ್ರು, ‘ನಾರ್ಮಲ್’ ಅಂತ ಬಂತು. ಇನ್ನೊಬ್ರು ‘ಟೆನ್ಷನ್ ಮಾಡ್ಕೋಬೇಡ’ ಅಂದ್ರು. ಕೊನೆಗೆ ಒಂದು ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ಹೇಳಿದ್ರಂತೆ, ‘ಮಕ್ಕಳಾಗ್ಯಾವಲ್ಲ, ಇನ್ನ ಚೀಲ ಇಟ್ಕೊಂಡು ಏನ್ ಮಾಡ್ತಿ? ತೆಗೆಸ್ಕೋ.’ ಅತ್ತೆ ಹೂಂ ಅಂದ್ರು. ಗಂಡ ಸಹಿ ಹಾಕಿದ.

ಹದಿನೈದು ವರ್ಷದ ನೋವಿಗೆ ಆ ಹೆಣ್ಣುಮಗಳಿಗೆ ಸಿಕ್ಕಿದ್ದು ಎರಡೇ ಮಾತು. ಮೊದಲು ‘ತಡ್ಕೋ’. ಆಮೇಲೆ ‘ತೆಗೆಸ್ಕೋ’. ಈ ಎರಡರ ನಡುವೆ ಒಂದು ದೊಡ್ಡ ದಾರಿ ಇದೆ, ಅದರ ಹೆಸರು ಚಿಕಿತ್ಸೆ. ಅದನ್ನ ಆಕೆಗೆ ಯಾರೂ ತೋರಿಸಲಿಲ್ಲ. ನನ್ನ ಇವತ್ತಿನ ಮಾತು ಇಷ್ಟೇ.

ನಾನು ಡಾಕ್ಟರಲ್ಲ. ಓದಿದ್ದು ಇಂಜಿನಿಯರಿಂಗ್. ಅಲ್ಲಿ ಕಲಿಸಿದ್ದ ಒಂದು ಪಾಠ ಮಾತ್ರ ನೆನಪಿತ್ತು: ದೋಷ ಎಲ್ಲಿದೆ ಅಂತ ಗೊತ್ತಾಗದೆ ಮಷೀನಿನ ಭಾಗ ಬಿಚ್ಚಬೇಡ. ಆಕೆಗೆ ಹೇಳಿದೆ: ‘ತೆಗೆಸ್ಕೋ ಅಂತಾನೂ ಬೇಡ ಅಂತಾನೂ ನಾನು ಹೇಳೋಕಾಗಲ್ಲ ತಂಗಿ. ಮೂರು ಪ್ರಶ್ನೆ ಕೇಳು. ನನ್ನ ರೋಗದ ಹೆಸರೇನು? ಚೀಲ ತೆಗೆದ್ರೆ ನೋವು ಖಂಡಿತ ಹೋಗುತ್ತಾ? ಅದಕ್ಕಿಂತ ಮೊದಲು ಬೇರೆ ಏನು ಚಿಕಿತ್ಸೆ ಇದೆ? ಉತ್ತರ ಸಿಗದಿದ್ರೆ ಸೋಮವಾರ ಮುಂದಕ್ಕೆ ಹಾಕು. ಸರ್ಕಾರಿ ಆಸ್ಪತ್ರೆಯಲ್ಲಿ ಇನ್ನೊಬ್ಬ ಹೆಣ್ಮಕ್ಕಳ ಡಾಕ್ಟರಿಗೆ ತೋರಿಸು.’

ಆ ರಾತ್ರಿ ನಾನು ಓದೋಕೆ ಕೂತೆ. ಮರುದಿನ ಸ್ತ್ರೀರೋಗ ತಜ್ಞರನ್ನ ಕೇಳಿದೆ. ಆಗ ಎದುರಾದ ಹೆಸರು ಎಂಡೊಮೆಟ್ರಿಯೋಸಿಸ್.

ಏನಿದು? ಗರ್ಭಕೋಶದ ಒಳಗೋಡೆಗೆ ಪ್ರತಿ ತಿಂಗಳೂ ಒಂದು ಪದರ ಬೆಳೆಯುತ್ತೆ. ಗರ್ಭ ನಿಲ್ಲದಿದ್ರೆ ಅದು ಕಳಚಿ ರಕ್ತದ ಜೊತೆ ಹೊರಗೆ ಬರುತ್ತೆ. ಅದೇ ಮುಟ್ಟು. ಕೆಲವರಲ್ಲಿ ಈ ಪದರದಂಥದ್ದೇ ಅಂಗಾಂಶ ಗರ್ಭಕೋಶದ ಹೊರಗೂ ಬೆಳೆಯುತ್ತೆ. ಅಂಡಾಶಯದ ಮೇಲೆ, ಗರ್ಭಕೋಶದ ಹಿಂದೆ, ಕರುಳಿನ ಮೇಲೆ, ಮೂತ್ರಕೋಶದ ಮೇಲೆ. ಹಾರ್ಮೋನುಗಳ ಏರಿಳಿತ ಅದಕ್ಕೂ ತಾಗುತ್ತೆ. ಆದ್ರೆ ಅಲ್ಲಿನ ರಕ್ತಕ್ಕೆ ಹೊರಗೆ ಹೋಗೋಕೆ ದಾರಿ ಇಲ್ಲ. ಉರಿಯೂತ ಆಗುತ್ತೆ, ಒಳಗೆ ಗಾಯದ ಕಲೆ ಕಟ್ಟುತ್ತೆ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೆಲವರ ಅಂಡಾಶಯದಲ್ಲಿ ಹಳೇ ರಕ್ತ ತುಂಬಿದ ಗಂಟು ಆಗುತ್ತೆ. ಬಣ್ಣ ನೋಡಿ ಅದಕ್ಕೆ ‘ಚಾಕೊಲೇಟ್ ಸಿಸ್ಟ್’ ಅಂತ ಹೆಸರಿಟ್ಟಿದ್ದಾರೆ. ಹೆಸರು ಸಿಹಿ, ನೋವು ಕಹಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಮಕ್ಕಳಾಗುವ ವಯಸ್ಸಿನ ಹೆಣ್ಮಕ್ಕಳಲ್ಲಿ ಸುಮಾರು 10 ಶೇಕಡಾ ಮಂದಿಗೆ ಇದು ಇದೆ. ಜಗತ್ತಿನಲ್ಲಿ 19 ಕೋಟಿ. ಹತ್ತು ಜನರ ನಾಟಿ ತಂಡದಲ್ಲಿ ಒಬ್ಬಳು ಅಂದ್ಕೊಳ್ಳಿ. ಈ ಕಾಯಿಲೆಗೆ ಈ ಹೆಸರನ್ನ ರೂಢಿಗೆ ತಂದವರು ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್, 1920ರ ದಶಕದಲ್ಲಿ. ಹತ್ತಿರ ಹತ್ತಿರ ನೂರು ವರ್ಷ. ಆ ಹೆಸರು ಇನ್ನೂ ಯಲಬುರ್ಗಾದ ಆ ಮನೆಗೆ ತಲುಪಿರಲಿಲ್ಲ. ಮುಂದುವರಿದ ದೇಶಗಳಲ್ಲೂ ಪತ್ತೆಯಾಗೋಕೆ ವರ್ಷಗಟ್ಟಲೆ ಹಿಡಿಯುತ್ತೆ. ಯಾಕೆ? ಎಲ್ಲಾ ದೇಶದಲ್ಲೂ ಮುಟ್ಟಿನ ನೋವಿಗೆ ಮೊದಲು ಸಿಗೋ ಔಷಧಿ ‘ತಡ್ಕೋ’ ಅನ್ನೋ ಮಾತೇ.

ಇಲ್ಲಿ ಒಂದು ವಿಷಯ ಬರೆದಿಟ್ಕೊಳ್ಳಿ. ಸ್ಕ್ಯಾನ್ ನಾರ್ಮಲ್ ಬಂತು ಅಂದ್ರೆ ರೋಗ ಇಲ್ಲ ಅಂತ ಅರ್ಥ ಅಲ್ಲ. ಚಾಕೊಲೇಟ್ ಸಿಸ್ಟ್ ಸ್ಕ್ಯಾನಿನಲ್ಲಿ ಕಾಣುತ್ತೆ. ಆದ್ರೆ ಪೊರೆಯ ಮೇಲೆ ತೆಳ್ಳಗೆ ಹರಡಿದ ಕಲೆಗಳು ಕಾಣದೇ ಇರಬಹುದು. ಒಳಗೆ ರೋಗ ಎಷ್ಟಿದೆ, ನೋವು ಎಷ್ಟಿದೆ ಅನ್ನೋದಕ್ಕೂ ನೇರ ಲೆಕ್ಕ ಇಲ್ಲ. ಸಣ್ಣ ಕಲೆ ಇದ್ದವರು ನೆಲ ಹಿಡಿದು ಮಲಗಬಹುದು, ದೊಡ್ಡ ಗಂಟು ಇದ್ದವರು ಓಡಾಡ್ಕೊಂಡು ಇರಬಹುದು. ವರ್ಷಗಟ್ಟಲೆ ನೋವು ತಿಂದ್ರೆ ನರಮಂಡಲವೇ ಬದಲಾಗುತ್ತೆ. ಆಂಪ್ಲಿಫೈಯರಿನ ವಾಲ್ಯೂಮ್ ಯಾರೋ ಏರಿಸಿಟ್ಟ ಹಾಗೆ. ಸಣ್ಣ ಸದ್ದೂ ಕಿವಿಗಡಚಿಕ್ಕುತ್ತೆ. ಅಂಥವರಿಗೆ ‘ನಾಟಕ ಮಾಡ್ತಾಳೆ’ ಅನ್ನೋದು ಅನ್ಯಾಯ.

ಹಾಗಾದ್ರೆ ಚಿಕಿತ್ಸೆ ಏನು? ಪೂರ್ತಿ ವಾಸಿ ಮಾಡೋ ಔಷಧಿ ಇನ್ನೂ ಇಲ್ಲ. ಹತೋಟಿಯಲ್ಲಿ ಇಡೋ ದಾರಿಗಳಿವೆ. ಐಬುಪ್ರೊಫೇನ್, ಮೆಫೆನಮಿಕ್ ಆಸಿಡ್‌ನಂಥ ನೋವಿನ ಗುಳಿಗೆ ನೋವು ಶುರುವಾಗೋ ಹೊತ್ತಿಗೇ, ಊಟ ಆದ ಮೇಲೆ, ಡಾಕ್ಟರ್ ಹೇಳಿದಷ್ಟು ತಗೊಂಡ್ರೆ ಕೆಲಸ ಮಾಡುತ್ತೆ. ಅಂಗಡಿಯಿಂದ ಸ್ಟ್ರಿಪ್‌ಗಟ್ಟಲೆ ತಂದು ಬರೀ ಹೊಟ್ಟೆಗೆ ನುಂಗಿದ್ರೆ ಹೊಟ್ಟೆ, ಮೂತ್ರಪಿಂಡ ಎರಡೂ ಕೆಡಬಹುದು. ಎರಡನೇದು ಹಾರ್ಮೋನು. ಡೈನೋಜೆಸ್ಟ್‌ನಂಥ ಗುಳಿಗೆ, ಗರ್ಭನಿರೋಧಕ ಗುಳಿಗೆ, ಗರ್ಭಕೋಶದೊಳಗೆ ಇಡೋ ಹಾರ್ಮೋನ್ ಸಾಧನ. ಇವು ಮುಟ್ಟನ್ನ ಕಡಿಮೆ ಮಾಡಿ ಅಥವಾ ನಿಲ್ಲಿಸಿ ಆ ಅಂಗಾಂಶವನ್ನ ಸುಮ್ಮನಿರಿಸುತ್ತವೆ. ‘ಮುಟ್ಟು ನಿಂತ್ರೆ ಕೆಟ್ಟ ರಕ್ತ ಒಳಗೇ ಉಳಿಯುತ್ತೆ’ ಅಂತ ಹೆದರೋರಿದ್ದಾರೆ. ಹಾಗೇನೂ ಆಗಲ್ಲ. ಪದರವೇ ಬೆಳೆಯದಿದ್ರೆ ಹೊರಗೆ ಬರೋಕೆ ಏನಿರುತ್ತೆ? ಆದ್ರೆ ಮಗು ಬೇಕು ಅನ್ನೋರಿಗೆ ಈ ಗುಳಿಗೆ ಸರಿಹೋಗಲ್ಲ, ಅವರ ದಾರಿ ಬೇರೆ. ಅದನ್ನ ಮೊದಲೇ ಡಾಕ್ಟರಿಗೆ ಹೇಳಬೇಕು. ಮೂರನೇದು ಲ್ಯಾಪ್ರೊಸ್ಕೋಪಿ, ಸಣ್ಣ ರಂಧ್ರದ ಮೂಲಕ ಕಲೆ, ಗಂಟುಗಳನ್ನ ತೆಗೆಯೋದು. ಹಿಂದೆ ರೋಗ ಖಚಿತ ಮಾಡೋಕೂ ಇದೇ ಬೇಕಿತ್ತು. 2022ರ ಯುರೋಪಿನ ಮಾರ್ಗಸೂಚಿ ಅದನ್ನ ಸಡಿಲಿಸಿತು. ಲಕ್ಷಣ ಕೇಳಿ, ಪರೀಕ್ಷೆ ಮಾಡಿ, ಔಷಧಿ ಶುರು ಮಾಡಬಹುದು ಅಂತು. ನಮ್ಮ ತಾಲೂಕು ಆಸ್ಪತ್ರೆಗಳಿಗೆ ಇದು ದೊಡ್ಡ ಮಾತು. ಮೊದಲ ಹೆಜ್ಜೆಗೆ ದೊಡ್ಡ ಯಂತ್ರ ಬೇಡ, ಕೂತು ಕೇಳೋ ಡಾಕ್ಟರ್ ಬೇಕು.

ಗರ್ಭಕೋಶ ತೆಗೆಯೋದು ಈ ಸಾಲಿನ ಕೊನೆಯಲ್ಲಿ ಬರುತ್ತೆ. ಉಳಿದದ್ದೆಲ್ಲ ಸೋತು, ಇನ್ನು ಮಕ್ಕಳು ಬೇಡ ಅಂತ ಆಕೆಯೇ ತೀರ್ಮಾನಿಸಿದ ಮೇಲೆ. ಆಗಲೂ ನೋವು ಹೋಗುತ್ತೆ ಅನ್ನೋ ಖಾತ್ರಿ ಇಲ್ಲ. ಯಾಕಂದ್ರೆ ರೋಗ ಇರೋದೇ ಗರ್ಭಕೋಶದ ಹೊರಗೆ! ಜೊತೆಗೆ ಎರಡೂ ಅಂಡಾಶಯ ತೆಗೆದುಬಿಟ್ರೆ 28ಕ್ಕೇ ಮುಟ್ಟು ನಿಂತ ಮುದುಕಿಯ ಮೈ. ಮೂಳೆ ಸವೆತ, ಹೃದಯದ ತೊಂದರೆಯ ಅಪಾಯ ಹೆಚ್ಚುತ್ತೆ. ಆಮೇಲೆ ನಾಟಿ ಹಚ್ಚೋದು ಯಾವ ಸೊಂಟದಲ್ಲಿ?

ಇದು ಒಬ್ಬಳ ಕಥೆ ಅಂದ್ಕೋಬೇಡಿ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ನೂರು ಹೆಣ್ಮಕ್ಕಳಲ್ಲಿ ಸುಮಾರು 3 ಮಂದಿಗೆ ಗರ್ಭಕೋಶ ತೆಗೆಸಲಾಗಿತ್ತು. ಮೂರರಲ್ಲಿ ಎರಡು ಆಪರೇಷನ್ ಆಗಿದ್ದು ಖಾಸಗಿಯಲ್ಲಿ. 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಮಕ್ಕಳು, ಬೇಡದಿದ್ರೂ ನಮ್ಮ ಗರ್ಭಕೋಶ ತೆಗೆದ್ರು ಅಂತ ದೂರು ಹಿಡಿದು ಬೀದಿಗೆ ಬಂದಿದ್ದು ನೆನಪಿದೆಯಾ? ಹೆಚ್ಚಿನವರು ಆಸ್ಪತ್ರೆಗೆ ಹೋಗಿದ್ದು ಹೊಟ್ಟೆನೋವು, ಬಿಳಿಮುಟ್ಟು ಅಂತ. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಆಪರೇಷನ್ ತಡೆಯೋಕೆ ಕೇಂದ್ರ ಆರೋಗ್ಯ ಇಲಾಖೆ ಮಾಡಿದ ಮಾರ್ಗಸೂಚಿಯನ್ನ ಮೂರು ತಿಂಗಳಲ್ಲಿ ಜಾರಿ ಮಾಡಿ ಅಂತ ಎಲ್ಲಾ ರಾಜ್ಯಗಳಿಗೆ ಹೇಳಿತು. ಅದರಲ್ಲಿ ಜಿಲ್ಲೆಗೊಂದು ನಿಗಾ ಸಮಿತಿಯ ಮಾತಿದೆ. ಕೊಪ್ಪಳ ಜಿಲ್ಲಾಡಳಿತಕ್ಕೆ ನನ್ನ ನೇರ ಪ್ರಶ್ನೆ: ಆ ಸಮಿತಿಯಲ್ಲಿ ಯಾರಿದ್ದಾರೆ? ಎಷ್ಟು ಸಲ ಸೇರಿದೆ? ಕಳೆದ ವರ್ಷ ಜಿಲ್ಲೆಯಲ್ಲಿ 40 ದಾಟದ ಎಷ್ಟು ಹೆಣ್ಮಕ್ಕಳ ಗರ್ಭಕೋಶ ತೆಗೆದ್ರು, ಯಾವ ಕಾರಣಕ್ಕೆ? ಪಟ್ಟಿ ಹಾಕಿ. ನಾವು ಇದೇ ಸ್ಕ್ರೀನ್ ಮೇಲೆ ತೋರಿಸ್ತೀವಿ.

ಈಗ ನಮ್ಮ ಕೈಲಿ ಇರೋದು. ಕಾಲೇಜಿನಲ್ಲಿ ನಾವು ಹುಡುಗಿಯರು ಲ್ಯಾಬ್ ತಪ್ಪಿಸಿಕೊಂಡ ದಿನ ‘ಜ್ವರ ಸರ್’ ಅಂತಿದ್ವಿ. ಎಲ್ಲರೂ ಅಂತಿದ್ವಿ. ಸುಳ್ಳು ಹೇಳಿ ಹೇಳಿ ನಮ್ಮ ನೋವು ಯಾವ ಲೆಕ್ಕದಲ್ಲೂ ಬರಲೇ ಇಲ್ಲ. ನೀವು ಹಾಗೆ ಮಾಡಬೇಡಿ. ಮನೆ ಕ್ಯಾಲೆಂಡರ್ ಇದೆಯಲ್ಲ? ನೋವು ಬಂದ ದಿನಕ್ಕೆ ಗುರುತು ಹಾಕಿ. ಎಷ್ಟು ನೋವು, ಎಷ್ಟು ಗುಳಿಗೆ, ಕೆಲಸ ತಪ್ಪಿತಾ, ಸಂಡಾಸಿಗೆ ಹೋದಾಗ ನೋವಾಯ್ತಾ, ಬರೀರಿ. ಓದು ಬರದಿದ್ರೆ ಮಗಳ ಕೈಲಿ ಬರೆಸಿ, ಆಕೆಗೂ ಇದು ತಿಳಿಯಲಿ. ಮೂರು ತಿಂಗಳ ಆ ಹಾಳೆ ಡಾಕ್ಟರ್ ಮುಂದೆ ಇಟ್ರೆ ‘ಟೆನ್ಷನ್’ ಅಂದು ಕಳಿಸೋದು ಕಷ್ಟ. ಬಿಸಿನೀರಿನ ಚೀಲ ಇಡಿ, ತಡ್ಕೊಳ್ಳುವಷ್ಟು ಬಿಸಿ ಸಾಕು. ನೋವಿಲ್ಲದ ದಿನ ನಡಿಗೆ, ಮೈ ಸಡಿಲಿಸೋ ವ್ಯಾಯಾಮ ಮಾಡಿ. ರಕ್ತ ಬಹಳ ಹೋಗ್ತಿದ್ರೆ ಹಿಮೋಗ್ಲೋಬಿನ್ ನೋಡಿಸಿ. ಹರೆಯದ ಮಗಳು ಪ್ರತಿ ತಿಂಗಳೂ ಶಾಲೆ ತಪ್ಪಿಸ್ತಿದ್ರೆ ಸರ್ಕಾರಿ ಆಸ್ಪತ್ರೆಯ ಸ್ನೇಹಾ ಕ್ಲಿನಿಕ್‌ಗೆ ಕರ್ಕೊಂಡು ಹೋಗಿ. ನೋವಿಗೆ ಮದುವೆ ಔಷಧಿ ಅಂತ ಹೇಳಿ ಆ ಕೂಸನ್ನ ಹಸೆಮಣೆ ಮೇಲೆ ಕೂರಿಸಬೇಡಿ.

2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯ ಸಂಪುಟ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿತು. ಒಳ್ಳೇ ಹೆಜ್ಜೆ. ಆದ್ರೆ ರಜೆ ಸಿಗೋಕೆ ಹಾಜರಿ ಪುಸ್ತಕದಲ್ಲಿ ಹೆಸರಿರಬೇಕು. ಕಾರಟಗಿಯ ಗದ್ದೆಗೆ, ಕುಷ್ಟಗಿಯ ದಾಳಿಂಬೆ ತೋಟಕ್ಕೆ ಹಾಜರಿ ಪುಸ್ತಕ ಎಲ್ಲಿದೆ? ಅವರಿಗೆ ರಜೆಗಿಂತ ಮೊದಲು ಬೇಕಾಗಿರೋದು ಚಿಕಿತ್ಸೆ. ತಾಲೂಕು ಆಸ್ಪತ್ರೆಯಲ್ಲಿ ಹಾರ್ಮೋನ್ ಗುಳಿಗೆ ಉಚಿತವಾಗಿ ಸಿಗಲಿ. ಆಶಾ ಕಾರ್ಯಕರ್ತೆಯರಿಗೆ ಈ ರೋಗದ ಹೆಸರು, ಲಕ್ಷಣ ಹೇಳಿಕೊಡಿ. ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ವಾರಕ್ಕೆ ಒಂದು ದಿನ ಅಲ್ಲಿ ಮುಟ್ಟಿನ ನೋವಿಗಂತಲೇ ಒಂದು ಕೋಣೆ ತೆರೆದ್ರೆ ಸರ್ಕಾರದ ಬೊಕ್ಕಸ ಖಾಲಿ ಆಗಲ್ಲ.

ಆ ಹೆಣ್ಣುಮಗಳು? ಮೊನ್ನೆ ಮತ್ತೆ ಫೋನ್ ಮಾಡಿದ್ಳು. ಆ ಸೋಮವಾರ ಆಪರೇಷನ್‌ಗೆ ಹೋಗಲಿಲ್ಲವಂತೆ. ಮನೆಯಲ್ಲಿ ಜಗಳ ಆಗಿದೆ. ಎರಡು ಬಸ್ ಬದಲಿಸಿ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದಾಳೆ. ಅಲ್ಲಿನ ಡಾಕ್ಟರಮ್ಮ ಪೂರ್ತಿ ಕೇಳಿ, ಮತ್ತೆ ಸ್ಕ್ಯಾನ್ ಮಾಡಿ, ಎಡ ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್ ಇದೆ ಅಂದಿದ್ದಾರೆ. ಗುಳಿಗೆ ಶುರುವಾಗಿದೆ. ‘ನೋವು ಹೋತೇನವ್ವಾ?’ ಅಂದೆ. ‘ಪೂರ್ತಿ ಹೋಗಿಲ್ರೀ ಅಕ್ಕಾರ. ಅರ್ಧ ಆಗೇತಿ. ಆದ್ರ ಈಗ ಅದಕ್ಕೊಂದು ಹೆಸರು ಐತ್ರಿ. ನಾನು ನಾಟಕ ಮಾಡೂದಿಲ್ಲಂತ ನಮ್ಮ ಅತ್ತಿಗೂ ಗೊತ್ತಾತು.’

ಮುಂದೆ ಆಕೆಗೆ ಆಪರೇಷನ್ ಬೇಕಾದ್ರೂ ಬೇಕಾಗಬಹುದು. ಆಗ ಏನು, ಯಾಕೆ ಅಂತ ತಿಳಿದು ಆಕೆಯೇ ಸಹಿ ಹಾಕಲಿ.

ವೀಕ್ಷಕರೇ, ಇವತ್ತು ರಾತ್ರಿ ಮನೆಯಲ್ಲಿ ಯಾರಾದ್ರೂ ಹೊಟ್ಟೆ ಹಿಡ್ಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿದ್ರೆ ‘ತಡ್ಕೋ’ ಅನ್ನಬೇಡಿ. ‘ಯಾವಾಗಿಂದ?’ ಅಂತ ಕೇಳಿ. ಚಿಕಿತ್ಸೆ ಅಲ್ಲಿಂದಲೇ ಶುರುವಾಗುತ್ತೆ.