ಬಳಸಿದ ನೀರಿನ ಸದ್ವಿನಿಯೋಗ

(ಕಮ್ಮರಡಿ ಸೀಮೆಯ ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಲಿಂಗಧಾರಿಗಳಿಗೆ ಸಲ್ಲವೆಂಬುದು ಸಭೆಗೆ ವಿದಿತವೇ ಸರಿ. ಹೀಗಿದ್ದರೂ ದಾಸೋಹದ ಪಾತ್ರೆ ತೊಳೆದ ನೀರನ್ನು ತೋಟಕ್ಕೆ ಬಿಡೋಣವೆಂದೊಡನೆ ಮುಖ ಸಿಂಡರಿಸುವವರುಂಟು. ಅವರ ಹೇಸಿಗೆಯಲ್ಲಿ ಅರ್ಧ ಸೂತಕದ ಹಳೆಯ ಭಾವನೆ. ಉಳಿದರ್ಧ ನ್ಯಾಯವಾದ ಭಯ. ಸೂತಕವಿಲ್ಲವೆಂದ ಮಾತ್ರಕ್ಕೆ ರೋಗಬೀಜವೂ ಇಲ್ಲವೆಂದಾಗದು. ಇವೆರಡನ್ನೂ ಬೇರ್ಪಡಿಸಿ ನೋಡುವುದು ಅವಶ್ಯವಾಗಿದೆ.

ಕೊಪ್ಪ ಸೀಮೆಗೆ ಮಳೆಗಾಲದಲ್ಲಿ ನೀರಿನ ಬಡತನವಿಲ್ಲ. ಆದರೆ ಫಾಲ್ಗುಣ ಹೊಕ್ಕಿತೆಂದರೆ ಹಳ್ಳಗಳು ಸೊರಗಿ ಅಡಕೆತೋಟಗಳು ನೀರು ಬೇಡುತ್ತವೆ. ಜಾತ್ರೆ ದಾಸೋಹಗಳು ಬಹುಮಟ್ಟಿಗೆ ಆ ಬೇಸಗೆಯಲ್ಲಿಯೇ ನಡೆಯುವುವು. ಮೇಲಿನವರು ನೀರಿಲ್ಲವೆಂದು ಕೊರಗುತ್ತಲೇ ಬಳಸಿದ ನೀರನ್ನು ಹಳ್ಳಕ್ಕೆ ಹರಿಯಬಿಟ್ಟರೆ, ಕೆಳಗಿನವನ ಬಾವಿ ಕೆಡುವುದು. ಒಬ್ಬರಿಗೆ ಅನ್ನವಿಟ್ಟು ಇನ್ನೊಬ್ಬರ ನೀರು ಕೆಡಿಸುವುದು ದಾಸೋಹವೆನಿಸೀತೆ?

ಮಲೆನಾಡಿನ ಹಿರಿಯರು ಬಚ್ಚಲ ಹಿಂದೆ ಬಾಳೆಯನ್ನೂ ಕೆಸವನ್ನೂ ನೆಟ್ಟು ನೀರನ್ನು ಅಲ್ಲಿಯೇ ಇಂಗಿಸುತ್ತಿದ್ದರು. ಅದನ್ನೇ ಅಳತೆಯಿಂದ ವಿಸ್ತರಿಸಿದರೆ ಕೃತಕ ಜೌಗುಭೂಮಿ ಎನಿಸುವುದು. ಜರ್ಮನಿಯಲ್ಲಿ 1950ರ ದಶಕದಲ್ಲಿ ಕೇಟೆ ಸೈಡೆಲ್ ಎಂಬ ವಿದುಷಿ ಜೊಂಡಿನ ಜಾತಿಯ ಸಸ್ಯಗಳಿಂದ ಕೊಳಕುನೀರನ್ನು ತಿಳಿಗೊಳಿಸುವ ಪ್ರಯೋಗಗಳನ್ನು ಆರಂಭಿಸಿದಳು. ತೆಲಂಗಾಣದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯವರು ವಸತಿಗಳ ನೀರನ್ನು ಜೊಂಡು, ಕಾಬಾಳೆಗಳ ಪಾತಿಗಳಲ್ಲಿ ಹಾಯಿಸಿ ಬೆಳೆಗೆ ಉಣಿಸಿದ್ದಾರೆ. ಬೆಂಗಳೂರಿನ ಜಕ್ಕೂರು ಕೆರೆಗೂ ಸ್ಥಾವರದಲ್ಲಿ ಶುದ್ಧಿಗೊಂಡ ನೀರು ಜೊಂಡಿನ ಜೌಗನ್ನು ದಾಟಿಯೇ ಸೇರುತ್ತದೆ.

ಅದರ ಕ್ರಮವಿಷ್ಟೆ. ಅಡಿಗೆಮನೆಯ ನೀರು ಮೊದಲು ಜಿಡ್ಡು ಹಿಡಿಯುವ ತೊಟ್ಟಿಗೆ, ಬಳಿಕ ಗಸಿ ಇಳಿಯುವ ತೊಟ್ಟಿಗೆ, ಅನಂತರ ತಳ ಸೋರದ, ಸುಮಾರು 2 ಅಡಿ ಆಳ ಜಲ್ಲಿ ತುಂಬಿದ ಪಾತಿಗೆ ಹೋಗಬೇಕು. ನೀರು ಜಲ್ಲಿಯ ಮೇಲೆ ಕಾಣದೆ ಒಳಗೊಳಗೇ ಸರಿಯುವುದರಿಂದ ಸೊಳ್ಳೆಗೆ ಎಡೆಯಿಲ್ಲ. ಅಲ್ಲಿ ಅದು ಮೂರರಿಂದ ಐದು ದಿನ ನಿಲ್ಲಬೇಕು. ಕೆಲಸ ಮಾಡುವುದು ಗಿಡವೊಂದೇ ಎಂಬುದು ತಪ್ಪು. ಜಲ್ಲಿಗೂ ಬೇರಿಗೂ ಅಂಟಿದ ಸೂಕ್ಷ್ಮಜೀವಿಗಳೇ ಕೊಳೆಯನ್ನು ಹೆಚ್ಚಾಗಿ ಜೀರ್ಣಿಸುವುವು. ತಲೆಯೊಂದಕ್ಕೆ 1ರಿಂದ 2 ಚದರ ಮೀಟರು ಪಾತಿ ಹಿಡಿದರೆ 50 ವಿದ್ಯಾರ್ಥಿಗಳ ಪ್ರಸಾದನಿಲಯಕ್ಕೆ 100 ಚದರ ಮೀಟರು ಸಾಕಾದೀತು. ಜಾತ್ರೆಯ ಸಾವಿರಾರು ಜನರ ನೀರನ್ನು ಇದು ತಾಳದು. ಅದಕ್ಕೆ ಬೇರೆ ಹೊಂಡ ಬೇಕು.

ಮಲೆನಾಡಿನ ಮಳೆಯೂ ಇದಕ್ಕೆ ಶತ್ರುವೇ. ಸುತ್ತ ಬದು ಏರಿಸದಿದ್ದರೆ, ಮಾಡಿನ ನೀರನ್ನು ಬೇರೆಡೆಗೆ ತಿರುಗಿಸದಿದ್ದರೆ ಆಷಾಢದ ಒಂದೇ ಮಳೆಗೆ ಪಾತಿಯ ಕೊಳೆಯೆಲ್ಲ ಹಳ್ಳ ಸೇರುವುದು. ಕಾಫಿ ಹಣ್ಣು ತೊಳೆದ ಹುಳಿನೀರನ್ನಂತೂ ಇದಕ್ಕೆ ನೇರವಾಗಿ ಬಿಡಲೇಬಾರದು.

ಹೊರಬಂದ ನೀರು ತಿಳಿಯಾಗಿ ಕಂಡರೂ ರೋಗಬೀಜ ಪೂರ್ಣ ಅಳಿದಿರುವುದಿಲ್ಲ. ಹಸಿಯಾಗಿ ತಿನ್ನುವ ಬೆಳೆಗೆ ಕೊಡುವ ನೀರಿನ 100 ಮಿಲಿಲೀಟರಿನಲ್ಲಿ ಮಲಜನ್ಯ ಕೋಲಿ ಜೀವಾಣುಗಳು 1000 ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಹೇಳಿತ್ತು. ಆದುದರಿಂದ ಸೊಪ್ಪು ಸೌತೆಗಳಿಗೆ ಈ ನೀರು ಬೇಡ. ಅಡಕೆಯ ಬುಡಕ್ಕೆ ಕೊಳವೆಯಲ್ಲಿ ಕೊಡಬಹುದು, ಗೊನೆ ಮೇಲಿರುತ್ತದೆ. ತೇವದ ನೆಲದ ಉದುರಡಕೆಯನ್ನು ಮಾತ್ರ ಬರಿಗೈಯಿಂದ ಆಯಬಾರದು.

ಪಾತಿ ಕಟ್ಟಿಸುವ ದಾನಿಗಳು ಸಿಕ್ಕಾರು. ಜಿಡ್ಡಿನ ತೊಟ್ಟಿಯನ್ನು ವಾರಕ್ಕೊಮ್ಮೆ ಬಳಿದು ತೆಗೆಯುವವರು ಯಾರು, ವರ್ಷಕ್ಕೊಮ್ಮೆ ಜೊಂಡು ಕೊಯ್ಯುವವರು ಯಾರು ಎಂಬುದನ್ನು ಜಲ್ಲಿ ತರಿಸುವುದಕ್ಕೆ ಮೊದಲೇ ಗೊತ್ತುಮಾಡಬೇಕು. ಆ ಕಾಯಕಕ್ಕೆ ಒಂದೇ ಮನೆತನದವರನ್ನು ಹಚ್ಚದೆ, ಸರದಿಯಲ್ಲಿ ಸಕಲರೂ ನಿಲ್ಲತಕ್ಕದ್ದು.